ಮುನ್ನೂರು ಮಂದಿಯ ಲೆಕ್ಕ: ‘300’ ಚಲನಚಿತ್ರವನ್ನು ಕುರಿತು

ಕ್ರಿ.ಪೂ. 480ರಲ್ಲಿ ಗ್ರೀಸಿನ ಥರ್ಮೋಪಿಲೆ ಎಂಬಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವಣ ಇಕ್ಕಟ್ಟಾದ ದಾರಿಯಲ್ಲಿ, ಮೂರು ದಿನಗಳ ಕಾಲ ನಡೆದ ಯುದ್ಧವನ್ನು ವಸ್ತುವಾಗಿ ಉಳ್ಳ ‘300’ ಎಂಬ ಆಂಗ್ಲ ಚಲನಚಿತ್ರವು 2007ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಅದರ ನಿರ್ದೇಶಕರು ಜ್ಯಾಕ್ ಸ್ನೈಡರ್. ಆಧಾರ, ಫ್ರಾಂಕ್ ಮಿಲ್ಲರ್ 1998ರಲ್ಲಿ ಪ್ರಕಟಿಸಿದ ಚಿತ್ರಕಥಾ ಮಾಲಿಕೆ. ಸುಮಾರು ಆರೂವರೆ ಕೋಟಿ ಡಾಲರುಗಳ ವೆಚ್ಚದಲ್ಲಿ ತಯಾರಾದ ಈ ಚಿತ್ರ ನಲವತ್ತೈದು ಕೋಟಿಗೂ ಮಿಗಿಲಾಗಿ ಗಳಿಸಿತು. ಇಷ್ಟು ವರ್ಷಗಳ ಹಿಂದಿನ ಚಿತ್ರವನ್ನು ಈಗೇಕೆ ಎತ್ತಿಕೊಳ್ಳಬೇಕೆಂದು ವಾಚಕರು ಕೇಳಬಹುದು. ಚಿತ್ರಮಂದಿರದಿಂದ ಅದು ಹೊರಟುಹೋದರೂ ನಮ್ಮ ಮನೆಗಳಿಂದ ಹೊರಟುಹೋಗಿಲ್ಲ. ಅದರ ತುಣುಕುಗಳು ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿವೆ. ಅದರ ನಟರು ಮೈ ಹುರಿಗೊಳಿಸಿದ ಕ್ರಮವೇ ಒಂದು ವ್ಯಾಯಾಮ ಪದ್ಧತಿಯಾಗಿ ವ್ಯಾಯಾಮಶಾಲೆಗಳಿಗೆ ಬಂದಿತು. ವಿದೂತನನ್ನು ಬಾವಿಗೆ ಒದೆಯುವ ದೃಶ್ಯವಂತೂ ಚಿತ್ರವನ್ನು ನೋಡದವರಿಗೂ ಗೊತ್ತು. ಅದನ್ನು ನೋಡಿ ನಗುವ ಹುಡುಗರು ಕೆಟ್ಟವರಲ್ಲ. ಅವರು ಯಾವುದನ್ನು ಕಂಡು ನಗುತ್ತಿದ್ದಾರೆ ಎಂಬುದನ್ನು ಅವರಿಗೆ ತಿಳಿಸುವವರು ಮಾತ್ರ ಯಾರೂ ಇಲ್ಲ.

ಮೊದಲಿಗೆ ಚಿತ್ರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುವುದು ನ್ಯಾಯ. ಇದು ಅಲಕ್ಷ್ಯದಿಂದ ಮಾಡಿದ ಕೃತಿಯಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ, ಬಹುಮಟ್ಟಿಗೆ ನೀಲಿ ಪರದೆಯ ಮುಂದೆ ನಟರನ್ನು ನಿಲ್ಲಿಸಿ ಚಿತ್ರೀಕರಿಸಿ, ಬೆಟ್ಟ, ಕಡಲು, ಮೋಡಗಳೆಲ್ಲವನ್ನೂ ಗಣಕಯಂತ್ರದಿಂದ ಆಮೇಲೆ ಕೂಡಿಸಲಾಗಿದೆ. ತಾಮ್ರದ ಬಣ್ಣಕ್ಕೆ ತಿರುಗಿದ ಆಕಾಶ, ಕಪ್ಪಿಗೆ ಸರಿದ ನೆರಳುಗಳು, ಅವುಗಳ ನಡುವೆ ಕೆಂಪು ಮೇಲುವಸ್ತ್ರಗಳು ಸೇರಿ ಒಂದೊಂದು ದೃಶ್ಯವೂ ಚೌಕಟ್ಟು ಹಾಕಿಟ್ಟ ಚಿತ್ರಪಟದಂತೆ ಕಾಣುತ್ತದೆ. ಭರ್ಜಿ ಎಸೆಯುವಾಗ ಕಾಲವು ನಿಧಾನವಾಗುತ್ತದೆ, ಅದು ನಾಟಿದೊಡನೆ ವೇಗ ಪಡೆಯುತ್ತದೆ. ಲಿಯೊನಿಡಾಸ್ ರಾಜನ ಪಾತ್ರದಲ್ಲಿ ಜೆರಾರ್ಡ್ ಬಟ್ಲರ್, ರಾಣಿ ಗೋರ್ಗೋ ಆಗಿ ಲೀನಾ ಹೆಡಿ ಇಬ್ಬರೂ ತಮ್ಮ ಕೆಲಸವನ್ನು ದೃಢವಾಗಿ ಮಾಡಿದ್ದಾರೆ. ಕಣ್ಣಿಗೆ ಇದು ಔತಣ ಎಂಬ ಮಾತನ್ನು ಅಲ್ಲಗಳೆಯಲಾಗದು. ಆಕ್ಷೇಪ ಹುಟ್ಟುವುದೂ ಅಲ್ಲಿಂದಲೇ. ಇಲ್ಲಿ ರಕ್ತವು ಮಸಿಯ ಹನಿಗಳಂತೆ ಗಾಳಿಯಲ್ಲಿ ಚಿಮ್ಮುತ್ತದೆ, ನೋವಾಗಿ ಯಾರ ಮುಖದಲ್ಲಿಯೂ ನಿಲ್ಲುವುದಿಲ್ಲ. ಸತ್ತವರ ದೇಹಗಳನ್ನು ಕಲ್ಲುಗಳಂತೆ ಪೇರಿಸಿ ಗೋಡೆ ಕಟ್ಟುವುದನ್ನು ನಾವು ಒಂದು ವಾಸ್ತುಕೌಶಲವನ್ನು ನೋಡುವ ಹಾಗೆ ನೋಡುತ್ತೇವೆ.

ಈಗ ಆ ಬಾವಿಯ ದೃಶ್ಯಕ್ಕೆ ಬರೋಣ. ಪರ್ಶಿಯಾದ ದೊರೆ ಕ್ಸೆರ್ಕ್ಸಿಸನ ದೂತನು ಸ್ಪಾರ್ಟಾಕ್ಕೆ ಬಂದು ಶರಣಾಗತಿಯ ಕುರುಹಾಗಿ ಮಣ್ಣನ್ನೂ ನೀರನ್ನೂ ಕೇಳುತ್ತಾನೆ. ಲಿಯೊನಿಡಾಸನು ಒಂದು ಕ್ಷಣ ತಡೆದು, ರಾಣಿಯ ಮುಖ ನೋಡಿ, ತನ್ನ ನಗರದ ಹೆಸರನ್ನು ಕೂಗಿ ಹೇಳಿ ದೂತನನ್ನು ಆಳವಾದ ಬಾವಿಗೆ ಒದೆಯುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟುವ ಜಾಗವಿದು. ಈ ಘಟನೆಗೆ ಚರಿತ್ರೆಯಲ್ಲಿ ಒಂದು ಬೀಜವಿದೆ ಎಂಬುದು ನಿಜ. ಯುದ್ಧವಾಗಿ ಸುಮಾರು ಅರ್ಧ ಶತಮಾನದ ಅನಂತರ ಬರೆದ ಹೆರೊಡೋಟಸನ ಗ್ರಂಥದ ಏಳನೆಯ ಭಾಗದಲ್ಲಿ ಅದು ದಾಖಲಾಗಿದೆ. ಆದರೆ ಅದು ನಡೆದದ್ದು ಕ್ಸೆರ್ಕ್ಸಿಸನ ತಂದೆ ಡೇರಿಯಸನ ಕಾಲದಲ್ಲಿ. ಆತನ ದೂತರನ್ನು ಅಥೆನ್ಸಿನವರು ಅಪರಾಧಿಗಳನ್ನು ತಳ್ಳುವ ಹೊಂಡಕ್ಕೂ ಸ್ಪಾರ್ಟಾದವರು ಬಾವಿಗೂ ತಳ್ಳಿ, ಮಣ್ಣು ನೀರುಗಳನ್ನು ಅಲ್ಲಿಯೇ ತೆಗೆದುಕೊಳ್ಳಿರೆಂದರು. ಈ ಕಾರಣಕ್ಕಾಗಿಯೇ ಕ್ಸೆರ್ಕ್ಸಿಸನು ಆ ಎರಡು ನಗರಗಳಿಗೆ ದೂತರನ್ನು ಕಳುಹಿಸಲೇ ಇಲ್ಲ.

ಮುಂದಿನ ಕಥೆಯನ್ನು ಚಿತ್ರವು ಹೇಳುವುದಿಲ್ಲ, ಅದೇ ಮುಖ್ಯವಾದದ್ದು. ಆ ಕೊಲೆಯ ಬಳಿಕ ಸ್ಪಾರ್ಟಾದವರು ಎಷ್ಟು ಬಲಿ ಕೊಟ್ಟರೂ ಶುಭಶಕುನ ದೊರೆಯದಾಯಿತು. ದೂತರ ರಕ್ಷಕನೆಂದು ಅವರು ಪೂಜಿಸುತ್ತಿದ್ದ ಟಾಲ್ತಿಬಿಯಸನ ಕೋಪ ತಮ್ಮ ಮೇಲೆ ಬಿದ್ದಿದೆಯೆಂದು ಅವರು ತಿಳಿದರು. ಮತ್ತೆ ಮತ್ತೆ ಸಭೆ ಸೇರಿ, ಸ್ಪಾರ್ಟಾಕ್ಕಾಗಿ ಪ್ರಾಣ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಸಾರಿದರು. ಸ್ಪೆರ್ತಿಯಸ್ ಮತ್ತು ಬೂಲಿಸ್ ಎಂಬ ಇಬ್ಬರು ಕುಲೀನರೂ ಶ್ರೀಮಂತರೂ ಆದ ನಾಗರಿಕರು ತಾವಾಗಿ ಮುಂದೆ ಬಂದು, ಸತ್ತ ದೂತರಿಗೆ ಪ್ರತಿಯಾಗಿ ತಮ್ಮ ಪ್ರಾಣವನ್ನು ಒಪ್ಪಿಸಲೆಂದು ಪರ್ಶಿಯಾದ ರಾಜಧಾನಿ ಸೂಸಾಕ್ಕೆ ನಡೆದರು. ಅಲ್ಲಿ ಸಿಂಹಾಸನದ ಮೇಲಿದ್ದವನು ಕ್ಸೆರ್ಕ್ಸಿಸ್. ಕಾವಲುಗಾರರು ಬಲವಂತಪಡಿಸಿದರೂ ಅವರು ಆತನಿಗೆ ಅಡ್ಡಬೀಳಲಿಲ್ಲ. ಆದರೆ ತಾವು ಬಂದ ಕಾರಣವನ್ನು ಮುಚ್ಚಿಡಲಿಲ್ಲ. ದೂತರನ್ನು ಕೊಂದು ಎಲ್ಲ ಜನರ ಧರ್ಮವನ್ನು ಸ್ಪಾರ್ಟಾ ಮುರಿದಿದೆ, ತಾನೂ ಅದನ್ನೇ ಮಾಡಲಾರೆ, ಇವರನ್ನು ಕೊಂದು ಸ್ಪಾರ್ಟಾದ ದೋಷವನ್ನು ಕಳೆಯಲೂ ಲಾರೆ ಎಂಬ ಅರ್ಥದ ಮಾತನ್ನಾಡಿ ಕ್ಸೆರ್ಕ್ಸಿಸನು ಅವರನ್ನು ಜೀವಸಹಿತ ಹಿಂದಕ್ಕೆ ಕಳುಹಿಸಿದನು.

ವಾಚಕರು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸ್ಪಾರ್ಟಾದವರು ತಾವೇ ಪಾಪವೆಂದು ತಿಳಿದು ಪ್ರಾಯಶ್ಚಿತ್ತಕ್ಕೆ ಇಬ್ಬರು ಉತ್ತಮ ಪುರುಷರನ್ನು ಕಳುಹಿಸಿದ ಕೃತ್ಯವೇ ಎರಡೂವರೆ ಸಾವಿರ ವರ್ಷಗಳ ಬಳಿಕ ಸ್ಪಾರ್ಟಾದ ಹಿರಿಮೆಯ ಲಾಂಛನವಾಗಿದೆ. ಇಷ್ಟಕ್ಕೂ ಸ್ಪೆರ್ತಿಯಸ್, ಬೂಲಿಸರ ಧೈರ್ಯವೇನು ಕಡಿಮೆಯದೇ? ಕೈಯಲ್ಲಿ ಗುರಾಣಿಯಿಲ್ಲದೆ, ತಮ್ಮದಲ್ಲದ ತಪ್ಪಿಗಾಗಿ ತಿಂಗಳುಗಟ್ಟಲೆ ನಡೆದು ಸಾವಿನ ಬಾಗಿಲಿಗೆ ಹೋಗುವುದು ಕಣಿವೆಯಲ್ಲಿ ನಿಂತು ಹೋರಾಡುವುದಕ್ಕಿಂತ ಸುಲಭವೆಂದು ಯಾರೂ ಹೇಳಲಾರರು. ಅವರನ್ನು ಕುರಿತು ಒಂದು ಚಿತ್ರವಾಗಿದ್ದರೆ ಅದನ್ನು ಮಕ್ಕಳೊಡನೆ ಕುಳಿತು ನೋಡಬಹುದಾಗಿತ್ತು.

ಥರ್ಮೋಪಿಲೆಯಲ್ಲಿ ಗ್ರೀಕರು ಮಾಡಿದ್ದು ರಕ್ಷಣೆಯ ಯುದ್ಧ. ದಂಡೆತ್ತಿ ಬಂದವನು ಕ್ಸೆರ್ಕ್ಸಿಸ್. ತಮ್ಮ ನೆಲದಲ್ಲಿ ನಿಂತವರು ಅವರು. ನಮ್ಮ ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸುವಾಗ ಗೃಹಸ್ಥನು ಪೂರ್ಣವಾಗಿ ಬಿಡಲೇಬೇಕಾದದ್ದು ಸಂಕಲ್ಪೀ ಹಿಂಸೆ ಎಂದು ಹೇಳುತ್ತದೆ. ಆಕ್ರಮಣಕಾರನನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವಾಗಬಹುದೆಂದು ಒಪ್ಪುತ್ತದೆ. ಆದುದರಿಂದ ಲಿಯೊನಿಡಾಸನು ಆಯುಧ ಹಿಡಿದನೆಂಬ ಕಾರಣಕ್ಕೆ ಚಿತ್ರವನ್ನು ತಳ್ಳಿಹಾಕುವುದು ಸರಿಯಲ್ಲ. ದೋಷವಿರುವುದು ಬೇರೆಡೆ. ಅನಿವಾರ್ಯವಾದುದನ್ನು ಮಾಡುವವನ ಮನಸ್ಸಿನಲ್ಲಿ ಖೇದವಿರಬೇಕು. ಈ ಚಿತ್ರದಲ್ಲಿ ಖೇದದ ಜಾಗವನ್ನು ನಗೆ ಆಕ್ರಮಿಸಿದೆ. ಬಿದ್ದ ಶತ್ರುಗಳನ್ನು ಇರಿಯುತ್ತ ನಡೆಯುವಾಗ ಹಾಸ್ಯದ ಮಾತು, ಒಬ್ಬನಿಗಿಂತ ಒಬ್ಬನು ಹೆಚ್ಚು ಕೊಲ್ಲುವ ಪೈಪೋಟಿ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ರೌದ್ರಧ್ಯಾನದ ಮೊದಲ ಪ್ರಕಾರವಾಗಿ ಬರುವುದು ಇದೇ, ಹಿಂಸೆಯಲ್ಲಿ ಆನಂದ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನು ಚಿಕ್ಕಂದಿನಿಂದ ಕಂಠಪಾಠ ಮಾಡಿರುವ ನಾವು, ಆಸನದಲ್ಲಿ ಕುಳಿತು ಚಪ್ಪಾಳೆ ತಟ್ಟುವುದು ಮೂರರಲ್ಲಿ ಯಾವುದಕ್ಕೆ ಸೇರುತ್ತದೆಂದು ಕೇಳಿಕೊಳ್ಳಬೇಕಾಗುತ್ತದೆ.

ಚಿತ್ರದ ಪಕ್ಷ ವಹಿಸುವವರಲ್ಲಿ ಒಂದು ಉತ್ತರವಿದೆ, ಅದನ್ನು ಮುಚ್ಚಿಡಬಾರದು. ಇಡೀ ಕಥೆಯನ್ನು ಹೇಳುವವನು ಡಿಲಿಯಸ್ ಎಂಬ ಸೈನಿಕ. ಮರುವರ್ಷ ಪ್ಲಾಟಿಯಾದ ಯುದ್ಧಕ್ಕೆ ಮುನ್ನ ತನ್ನವರನ್ನು ಹುರಿದುಂಬಿಸಲು ಹೇಳುತ್ತಾನೆ. ಆದ್ದರಿಂದ ಉತ್ಪ್ರೇಕ್ಷೆಯು ಅವನದು, ಚಿತ್ರದ್ದಲ್ಲ ಎಂಬುದು ಆ ಉತ್ತರ. ಜಾಣತನದ ಮಾತೇ ಸರಿ. ಆದರೆ ಅವನು ಹೇಳುವುದಕ್ಕೆ ಎದುರಾಗಿ ಒಂದು ದೃಶ್ಯವನ್ನಾದರೂ ಚಿತ್ರ ತೋರಿಸಿದೆಯೇ? ತೋರಿಸಿಲ್ಲ. ಸುಳ್ಳು ಬಿಲ್ಲನ್ನು ಗುಮಾಸ್ತ ಬರೆದನೆಂದು ಯಜಮಾನನು ಹೇಳಿದರೆ ತೆರಿಗೆ ಅಧಿಕಾರಿಯು ಒಪ್ಪುವುದಿಲ್ಲ.

ಈ ಡಿಲಿಯಸನ ಮೂಲವೂ ಹೆರೊಡೋಟಸನಲ್ಲಿಯೇ ಇದೆಯೆಂದು ತೋರುತ್ತದೆ. ಅರಿಸ್ಟೊಡೆಮಸ್ ಮತ್ತು ಯೂರಿಟಸ್ ಎಂಬ ಇಬ್ಬರು ಸ್ಪಾರ್ಟನರಿಗೆ ಕಣ್ಣುಬೇನೆ ಬಂದು, ರಾಜನ ಅಪ್ಪಣೆಯ ಮೇರೆಗೆ ಅವರು ಹಿಂದಿನ ಊರೊಂದರಲ್ಲಿ ಮಲಗಿದ್ದರು. ಶತ್ರುಗಳು ಸುತ್ತುವರಿದ ಸುದ್ದಿ ತಿಳಿದಾಗ ಯೂರಿಟಸನು ಕವಚ ತೊಟ್ಟು, ತನ್ನ ಹೆಲಟನಿಗೆ ಕೈಹಿಡಿದು ನಡೆಸೆಂದು ಹೇಳಿ ರಣರಂಗಕ್ಕೆ ಹೋಗಿ ಸತ್ತನು. ಅರಿಸ್ಟೊಡೆಮಸನು ಮನೆಗೆ ಮರಳಿದನು. ಚಿತ್ರದ ಡಿಲಿಯಸನು ಒಂದು ಕಣ್ಣು ಕಳೆದುಕೊಂಡು ಮರಳಿ ಗೌರವ ಪಡೆದು ಸೇನೆಯನ್ನೇ ಮುನ್ನಡೆಸುತ್ತಾನೆ. ಚರಿತ್ರೆಯ ಅರಿಸ್ಟೊಡೆಮಸನಿಗೆ ಅವನ ಊರಿನಲ್ಲಿ ಒಲೆ ಹೊತ್ತಿಸಲು ಯಾರೂ ಕೆಂಡ ಕೊಡಲಿಲ್ಲ, ಯಾರೂ ಮಾತನಾಡಿಸಲಿಲ್ಲ. ಮರುವರ್ಷ ಪ್ಲಾಟಿಯಾದಲ್ಲಿ ಅವನು ಸಾಲನ್ನು ಬಿಟ್ಟು ಮುನ್ನುಗ್ಗಿ, ಎಲ್ಲರಿಗಿಂತ ಮಿಗಿಲಾಗಿ ಕಾದಾಡಿ ಮಡಿದನು. ಆಗಲೂ ಸ್ಪಾರ್ಟಾ ಅವನಿಗೆ ಮರ್ಯಾದೆ ಸಲ್ಲಿಸಲಿಲ್ಲ. ಸಾಯಬೇಕೆಂದೇ ಹೋರಾಡಿದವನೆಂದು ಅವನ ಹೆಸರನ್ನು ಕೈಬಿಟ್ಟರು. ಕಣ್ಣು ಕಾಣದ ರೋಗಿಗೆ ಬದುಕಿ ಉಳಿದದ್ದೇ ಅಪರಾಧವಾದ ಊರು ಅದು. ಆ ಕೆಂಡ ಕೊಡದ ಸಂಗತಿಯಲ್ಲಿ ಚಿತ್ರದ ನೂರಾರು ಕತ್ತಿವರಸೆಗಳಿಗಿಂತ ಹೆಚ್ಚಿನ ಸ್ಪಾರ್ಟಾ ಇದೆ.

ಯೂರಿಟಸನ ಕೈ ಹಿಡಿದು ನಡೆಸಿದ ಹೆಲಟನೆಂದರೆ ಯಾರು? ವಾಣಿಜ್ಯ ಓದಿದವನಿಗೆ ಸಹಜವಾಗಿ ಬರುವ ಪ್ರಶ್ನೆಯೊಂದಿದೆ: ಹಗಲಿರುಳು ಯುದ್ಧಾಭ್ಯಾಸವನ್ನೇ ಮಾಡುವ ಗಂಡಸರಿಗೆ ಅನ್ನ ಎಲ್ಲಿಂದ ಬಂದಿತು? ಚಿತ್ರದಲ್ಲಿ ಒಂದು ಪ್ರಸಂಗವಿದೆ. ದಾರಿಯಲ್ಲಿ ಜೊತೆಗೂಡಿದ ಆರ್ಕೇಡಿಯಾದವರನ್ನು ಲಿಯೊನಿಡಾಸನು ನಿಮ್ಮ ವೃತ್ತಿಯೇನೆಂದು ಕೇಳುತ್ತಾನೆ. ಒಬ್ಬ ಕುಂಬಾರ, ಒಬ್ಬ ಶಿಲ್ಪಿ, ಒಬ್ಬ ಕಮ್ಮಾರ. ಬಳಿಕ ತನ್ನವರನ್ನು ಕೇಳಿದಾಗ ಮುನ್ನೂರು ಭರ್ಜಿಗಳು ಒಟ್ಟಿಗೆ ಮೇಲೇಳುತ್ತವೆ. ಗಡಿಗೆ ಮಾಡುವವನು ಅರ್ಧ ಮನುಷ್ಯ, ಕೊಲ್ಲುವುದನ್ನು ಕಲಿತವನು ಪೂರ್ಣ ಮನುಷ್ಯ ಎಂಬುದು ಅದರ ಧ್ವನಿ. ಆ ಮುನ್ನೂರು ಮಂದಿಗೆ ಬೇರೆ ವೃತ್ತಿಯಿರಲಿಲ್ಲ, ಏಕೆಂದರೆ ಅವರ ಹೊಲಗಳನ್ನು ಹೆಲಟರೆಂಬ ಜೀತದ ಜನರು ಉಳುತ್ತಿದ್ದರು. ನೆರೆಯ ಮೆಸ್ಸೀನಿಯಾವನ್ನು ಗೆದ್ದು ಒಂದು ಜನಾಂಗವನ್ನೇ ತಲೆತಲಾಂತರವಾಗಿ ದುಡಿಮೆಗೆ ಹಚ್ಚಿದ ರಾಜ್ಯವದು. ಪ್ಲಾಟಿಯಾದ ಯುದ್ಧಕ್ಕೆ ಹೋದ 5,000 ಸ್ಪಾರ್ಟನರ ಜೊತೆಗೆ ತಲಾ ಏಳರಂತೆ 35,000 ಹೆಲಟರಿದ್ದರೆಂದು ಹೆರೊಡೋಟಸ್ ಲೆಕ್ಕ ಕೊಡುತ್ತಾನೆ. ಸ್ಪಾರ್ಟಾದ ಎಫೋರರು, ಎಂದರೆ ವರ್ಷಕ್ಕೊಮ್ಮೆ ಆರಿಸಲ್ಪಡುತ್ತಿದ್ದ ಐವರು ಅಧಿಕಾರಿಗಳು, ಪ್ರತಿವರ್ಷವೂ ಈ ಹೆಲಟರ ಮೇಲೆ ವಿಧಿಪೂರ್ವಕವಾಗಿ ಯುದ್ಧ ಸಾರುತ್ತಿದ್ದರು. ಕೊಂದರೂ ಮೈಲಿಗೆ ತಟ್ಟಬಾರದೆಂಬ ಉದ್ದೇಶದಿಂದ. ಅರಿಸ್ಟಾಟಲನ ಆಧಾರದ ಮೇಲೆ ಪ್ಲುಟಾರ್ಕ್ ಇದನ್ನು ಬರೆದಿದ್ದಾನೆ. ಆಯ್ದ ತರುಣರು ಕಠಾರಿ ಹಿಡಿದು ರಾತ್ರಿ ಹೊತ್ತು ಹೊರಟು ಸಿಕ್ಕ ಹೆಲಟರನ್ನು ಕೊಲ್ಲುತ್ತಿದ್ದ ಕ್ರಿಪ್ಟಿಯಾ ಎಂಬ ಪದ್ಧತಿಯನ್ನೂ ಅವನೇ ವರ್ಣಿಸುತ್ತಾನೆ. ಚಿತ್ರದಲ್ಲಿ ಬಾಲಕ ಲಿಯೊನಿಡಾಸನು ಹಿಮದಲ್ಲಿ ಏಕಾಂಗಿಯಾಗಿ ಕೊಲ್ಲುವುದು ಒಂದು ತೋಳವನ್ನು. ತೋಳದ ಜಾಗದಲ್ಲಿ ನಿರಾಯುಧನಾದ ಒಬ್ಬ ರೈತನನ್ನು ನಿಲ್ಲಿಸಿದ್ದರೆ ಸ್ವಾತಂತ್ರ್ಯವನ್ನು ಕುರಿತ ಅಷ್ಟು ಭಾಷಣಗಳನ್ನು ಯಾರು ಕೇಳುತ್ತಿದ್ದರು?

ಅತ್ತ ಪರ್ಶಿಯಾದ ಕಡೆಗೆ ಚಿತ್ರವು ಬರೀ ಗುಲಾಮರನ್ನೂ ವಿಕೃತರನ್ನೂ ತುಂಬಿದೆ. ಪರ್ಸೆಪೊಲಿಸ್ ಕೋಟೆಯಲ್ಲಿ 1933ರಲ್ಲಿ ದೊರೆತ ಸಾವಿರಾರು ಮಣ್ಣಿನ ಫಲಕಗಳು ಡೇರಿಯಸನ ಕಾಲದ ಕಣಜದ ಲೆಕ್ಕಪತ್ರಗಳು. ಕೆಲಸಗಾರರಿಗೆ ಅಳೆದುಕೊಟ್ಟ ಧಾನ್ಯ, ಹೆರಿಗೆಯಾದ ಹೆಂಗಸರಿಗೆ ಕೊಟ್ಟ ಹೆಚ್ಚಿನ ಪಡಿ ಅವುಗಳಲ್ಲಿ ದಾಖಲಾಗಿದೆ. ಹೆಣ್ಣು ಹೆತ್ತವಳಿಗಿಂತ ಗಂಡು ಹೆತ್ತವಳಿಗೆ ಎರಡರಷ್ಟು, ಎಂಬುದನ್ನೂ ಹೇಳಿಬಿಡಬೇಕು. ಅದೇನೂ ರಾಮರಾಜ್ಯವಲ್ಲ, ಆದರೆ ಲೆಕ್ಕವಿಟ್ಟ ರಾಜ್ಯ. ಕ್ಸೆರ್ಕ್ಸಿಸನ ಸೇನೆಯ ಪಟ್ಟಿಯಲ್ಲಿ ನಮ್ಮ ದೇಶದವರೂ ಇದ್ದಾರೆ. ಮರದಲ್ಲಿ ಬೆಳೆಯುವ ಉಣ್ಣೆಯ ಬಟ್ಟೆ ತೊಟ್ಟು, ಬಿದಿರಿನ ಬಿಲ್ಲನ್ನೂ ಕಬ್ಬಿಣದ ಮೊನೆಯ ಬಾಣಗಳನ್ನೂ ಹಿಡಿದ ಇಂಡಿಯಾದವರನ್ನು ಹೆರೊಡೋಟಸ್ ಹೆಸರಿಸುತ್ತಾನೆ. ಸಿಂಧೂ ನದಿಯ ಕಡೆಯವರಿರಬೇಕು. ಮರದ ಉಣ್ಣೆಯೆಂದರೆ ಹತ್ತಿ. ಆ ಬಿಳಿಯ ಅರಿವೆಯವರು ಈ ಚಿತ್ರದ ಕಪ್ಪು ಮುಖವಾಡಗಳ ನಡುವೆ ಎಲ್ಲಿಯೂ ಕಾಣಿಸಲಿಲ್ಲ. 2007ರಲ್ಲಿ ಇರಾನಿನ ಸರ್ಕಾರವೂ ಜನರೂ ಈ ಚಿತ್ರವನ್ನು ಪ್ರತಿಭಟಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕ್ಸೆರ್ಕ್ಸಿಸನನ್ನು ಚಿತ್ರವು ಮೈತುಂಬ ಚಿನ್ನ ಚುಚ್ಚಿಕೊಂಡ ದೈತ್ಯನನ್ನಾಗಿ ಮಾಡಿದೆ. ಮೂಲದಲ್ಲಿ ಅವನು ಸಾಧುವೇನೂ ಅಲ್ಲ. ಐವರು ಮಕ್ಕಳಲ್ಲಿ ಹಿರಿಯನೊಬ್ಬನನ್ನು ಮಾತ್ರ ಮನೆಯಲ್ಲಿ ಬಿಡಿರೆಂದು ಪೈಥಿಯಸ್ ಎಂಬ ಮುದುಕನು ಬೇಡಿದಾಗ, ಆ ಮಗನನ್ನೇ ಎರಡು ತುಂಡು ಮಾಡಿಸಿ ಅವುಗಳ ನಡುವೆ ಸೇನೆಯನ್ನು ನಡೆಸಿದವನು. ಆದರೆ ಅದೇ ದಂಡಯಾತ್ರೆಯಲ್ಲಿ, ಹೆಲೆಸ್ಪಾಂಟ್ ಜಲಸಂಧಿಯ ತೀರದ ಅಬೈಡಸಿನಲ್ಲಿ ಬಿಳಿಯ ಕಲ್ಲಿನ ಆಸನದ ಮೇಲೆ ಕುಳಿತು, ಕಡಲನ್ನೆಲ್ಲ ಮುಚ್ಚಿದ ತನ್ನ ಹಡಗುಗಳನ್ನೂ ಬಯಲು ತುಂಬಿದ ಸೈನಿಕರನ್ನೂ ನೋಡುತ್ತ ಮೊದಲು ತಾನು ಧನ್ಯನೆಂದುಕೊಂಡು, ಮರುಗಳಿಗೆಯಲ್ಲಿ ಅತ್ತವನೂ ಅವನೇ. ಚಿಕ್ಕಪ್ಪ ಅರ್ಟಬಾನಸನು ಕಾರಣ ಕೇಳಿದಾಗ, ಇಷ್ಟು ಜನರಲ್ಲಿ ನೂರು ವರ್ಷದ ಬಳಿಕ ಒಬ್ಬನೂ ಬದುಕಿರುವುದಿಲ್ಲ ಎಂಬ ಯೋಚನೆ ಬಂದಿತೆಂದನು. ಅನಿತ್ಯಭಾವನೆಯು ಕಣ್ಣೀರಾಗಿ ಬಂದು, ಒಂದು ಗಳಿಗೆಯ ಮಟ್ಟಿಗೆ ಸಾಮ್ರಾಟನನ್ನು ತಡೆದು ನಿಲ್ಲಿಸಿ, ಅವನನ್ನು ತಿರುಗಿಸಲಾರದೆ ಹೋಯಿತು. ಮರುದಿನಗಳಲ್ಲಿ ಸೇನೆ ದಾಟಿತು. ಶತ್ರುವಿನ ದೊರೆಯನ್ನು ಹೀಗೆ ಕಾಣಬಲ್ಲವನೇ ಹೆರೊಡೋಟಸ್. ಅನೇಕಾಂತವೆಂಬ ಮಾತನ್ನು ಎಲ್ಲೆಂದರಲ್ಲಿ ಬಳಸುವ ಅಭ್ಯಾಸ ಈ ಲೇಖಕನಿಗಿಲ್ಲ. ಇಲ್ಲಿ ಬಳಸದಿರಲು ಮನಸ್ಸಾಗುವುದಿಲ್ಲ.

ರಾಣಿ ಗೋರ್ಗೋಳನ್ನು ಕುರಿತು ಬೇಗ ಹೇಳಿಬಿಡಬಹುದು. ಚಿತ್ರದಲ್ಲಿ ಅವಳಿಗಾಗಿ ಒಬ್ಬ ಕಲ್ಪಿತ ದ್ರೋಹಿಯನ್ನೂ ಮಾನಭಂಗವನ್ನೂ ಕೊಲೆಯನ್ನೂ ಹೆಣೆದಿದ್ದಾರೆ. ಹೆರೊಡೋಟಸನಲ್ಲಿ ಅವಳು ಎಂಟೊಂಬತ್ತು ವರ್ಷದ ಬಾಲೆಯಾಗಿ ಬರುತ್ತಾಳೆ: ತಂದೆ ಕ್ಲಿಯೊಮಿನೀಸನಿಗೆ ಅತಿಥಿಯೊಬ್ಬನು ಹತ್ತು ಟ್ಯಾಲೆಂಟಿನಿಂದ ಲಂಚವನ್ನು ಏರಿಸುತ್ತ ಐವತ್ತಕ್ಕೆ ಬಂದಾಗ, ಅಪ್ಪಾ, ಎದ್ದುಹೋಗದಿದ್ದರೆ ಇವನು ನಿನ್ನನ್ನು ಕೆಡಿಸುತ್ತಾನೆ ಎಂದು ಎಚ್ಚರಿಸುತ್ತಾಳೆ. ಲಂಚದ ಹೊತ್ತಿನಲ್ಲಿ ಮನೆಯ ಮಗುವಿನ ಮಾತು! ಇದನ್ನು ಬಿಟ್ಟು ಅದನ್ನು ಆರಿಸಿಕೊಂಡರು.

ಇನ್ನು ಚಿತ್ರದ ಮೊದಲ ದೃಶ್ಯ. ಹುಟ್ಟಿದ ಕೂಸನ್ನು ಹಿರಿಯನೊಬ್ಬನು ಎತ್ತಿ ಹಿಡಿದು ಪರೀಕ್ಷಿಸುತ್ತಾನೆ. ಕೆಳಗೆ ಕಂದಕದಲ್ಲಿ ತಲೆಬುರುಡೆಗಳು. ಊನವಿದ್ದ ಶಿಶುಗಳನ್ನು ಟೈಗೆಟಸ್ ಬೆಟ್ಟದ ಬಳಿ ಎಸೆಯುತ್ತಿದ್ದರೆಂದು ಬರೆದವನು ಪ್ಲುಟಾರ್ಕ್. ಅವನು ಬದುಕಿದ್ದು ಈ ಯುದ್ಧಕ್ಕಿಂತ ಐನೂರು ವರ್ಷಗಳಿಗೂ ಈಚೆಗೆ. ನಿಜವೋ ಸುಳ್ಳೋ, ಚಿತ್ರ ಅದನ್ನು ಬಳಸಿಕೊಂಡ ಬಗೆ ಆತಂಕ ಹುಟ್ಟಿಸುತ್ತದೆ. ಗೂನುಬೆನ್ನಿನ ಎಫಿಯಾಲ್ಟೀಸನನ್ನು ತಂದೆತಾಯಿಗಳು ಕದ್ದೊಯ್ದು ಸಾಕಿದ್ದರು. ಅವನು ಯುದ್ಧಕ್ಕೆ ಬರುತ್ತೇನೆಂದಾಗ ಲಿಯೊನಿಡಾಸನು ಸೌಮ್ಯವಾಗಿಯೇ ಮಾತನಾಡಿ, ಗುರಾಣಿಯನ್ನು ಎತ್ತರಕ್ಕೆ ಎತ್ತಲಾರದ ಕಾರಣ ಒಪ್ಪುವುದಿಲ್ಲ. ಚಿತ್ರದಲ್ಲಿ ಮನುಷ್ಯತ್ವವಿರುವ ಕೆಲವೇ ನಿಮಿಷಗಳಲ್ಲಿ ಇವೂ ಸೇರಿವೆ. ಅನಂತರ ಅವನೇ ಶತ್ರುವಿಗೆ ಗುಪ್ತದಾರಿ ತೋರಿಸುತ್ತಾನೆ. ಅಂದರೆ ಆ ಕೂಸನ್ನು ಎಸೆದಿದ್ದರೆ ಸ್ಪಾರ್ಟಾ ಉಳಿಯುತ್ತಿತ್ತು ಎಂಬ ತರ್ಕವನ್ನು ಚಿತ್ರ ಬಾಯಿಬಿಟ್ಟು ಹೇಳದೆ ಪೂರ್ಣಗೊಳಿಸುತ್ತದೆ. ಚರಿತ್ರೆಯ ಎಫಿಯಾಲ್ಟೀಸನು ಸ್ಪಾರ್ಟನನಲ್ಲ, ಆ ಸೀಮೆಯ ಮೇಲಿಸ್ ಎಂಬ ಪ್ರಾಂತದವನು. ಅವನಿಗೆ ಗೂನು ಇತ್ತೆಂದು ಹೆರೊಡೋಟಸ್ ಎಲ್ಲಿಯೂ ಹೇಳಿಲ್ಲ. ಹಣದಾಸೆಗೆ ದಾರಿ ತೋರಿದ ಸಾಮಾನ್ಯ ಮನುಷ್ಯ. ಲೋಭಕ್ಕೆ ನೆಟ್ಟಗಿನ ಬೆನ್ನೂ ಅಡ್ಡಿಯಲ್ಲವಲ್ಲ. ಅಂಗವಿಕಲ ಮಗುವನ್ನು ಎದೆಗವಚಿಕೊಂಡು ಬಾಳುವ ತಾಯಂದಿರು ನಮ್ಮ ಓದುಗರಲ್ಲಿಯೂ ಇದ್ದಾರೆ. ಅವರ ಎದುರು ಈ ಚಿತ್ರವನ್ನು ಹೊಗಳುವ ಮುನ್ನ ಯೋಚಿಸಬೇಕು.

ಇದಕ್ಕೆ ಸ್ಪಾರ್ಟಾವೇ ಒಂದು ಉತ್ತರ ಕೊಟ್ಟಿದೆ. ಥರ್ಮೋಪಿಲೆಯಾಗಿ ಸುಮಾರು ಎಂಬತ್ತು ವರ್ಷಗಳಿಗೆ ಅಲ್ಲಿ ಪಟ್ಟಕ್ಕೆ ಬಂದು ನಲವತ್ತು ವರ್ಷಗಳಷ್ಟು ಕಾಲ ಆಳಿದ ಪ್ರಸಿದ್ಧ ದೊರೆ ಅಜೆಸಿಲಾಸನಿಗೆ ಒಂದು ಕಾಲು ಕುಂಟು. ಇನ್ನೊಂದು ಸ್ವಾರಸ್ಯವುಂಟು. ಕುಂಬಾರ, ಕಮ್ಮಾರರನ್ನು ವೃತ್ತಿ ಕೇಳಿ ಎಬ್ಬಿಸಿ, ಕೊನೆಗೆ ಕುಳಿತೇ ಉಳಿದ ಸ್ಪಾರ್ಟನರನ್ನು ತೋರಿಸಿದ ಪ್ರಸಂಗವನ್ನು ಪ್ಲುಟಾರ್ಕ್ ಹೇಳಿರುವುದು ಲಿಯೊನಿಡಾಸನ ಬಗ್ಗೆ ಅಲ್ಲ, ಇದೇ ಅಜೆಸಿಲಾಸನ ಬಗ್ಗೆ. ಚಿತ್ರವು ತನ್ನ ಹೆಮ್ಮೆಯ ದೃಶ್ಯವನ್ನು ಎರವಲು ಪಡೆದದ್ದು, ತನ್ನದೇ ತರ್ಕದ ಪ್ರಕಾರ ಕಂದಕಕ್ಕೆ ಬೀಳಬೇಕಾಗಿದ್ದ ಒಬ್ಬ ಕುಂಟ ದೊರೆಯಿಂದ.

ಇಷ್ಟೆಲ್ಲ ಹೇಳಿದ ಮೇಲೆ ಮಕ್ಕಳಿಗೆ ಇದನ್ನು ತೋರಿಸಬಾರದೆಂದು ಕಟ್ಟಳೆ ಮಾಡಬೇಕೇ ಎಂದರೆ, ಅದು ಆಗದ ಮಾತು. ಬೇಡವೆಂದದ್ದನ್ನು ಅವರು ಬಾಗಿಲು ಹಾಕಿಕೊಂಡು ನೋಡುತ್ತಾರೆ. ಬಸದಿಗಳ ಧರ್ಮಶಾಲೆಗಳಲ್ಲಿ ಬೇಸಿಗೆ ಶಿಬಿರ ನಡೆಸುವ ಟ್ರಸ್ಟುಗಳವರು ಹದಿನಾರು ಹದಿನೇಳು ದಾಟಿದ ತರುಣರೊಡನೆ ಆ ಬಾವಿಯ ದೃಶ್ಯವನ್ನಷ್ಟೇ ನೋಡಿ, ಒಡನೆಯೇ ಸ್ಪೆರ್ತಿಯಸ್ ಬೂಲಿಸರ ಕಥೆಯನ್ನು ಹೇಳಿ, ಇವರಲ್ಲಿ ಯಾರು ಶೂರರೆಂದು ಕೇಳಬಹುದು. ಯುದ್ಧದ ಕಥೆಯೇ ಬೇಕೆನ್ನುವವರಿಗೆ 1962ರಲ್ಲಿ ರುಡಾಲ್ಫ್ ಮಾತೆ ನಿರ್ದೇಶಿಸಿದ ‘ದಿ 300 ಸ್ಪಾರ್ಟನ್ಸ್’ ಇದೆ. ಅದನ್ನು ಬಾಲ್ಯದಲ್ಲಿ ನೋಡಿಯೇ ಮಿಲ್ಲರರಿಗೆ ಈ ವಿಷಯ ಹಿಡಿಸಿದ್ದು. ಅದರಲ್ಲಿಯೂ ಕೊರತೆಗಳುಂಟು, ಆದರೆ ಅಲ್ಲಿ ಸಾಯುವವರು ಮನುಷ್ಯರು. 2014ರಲ್ಲಿ ಬಂದ ‘300’ರ ಮುಂದಿನ ಭಾಗದ ವಿಷಯ ಬರೆಯಲು ಹೆಚ್ಚೇನಿಲ್ಲ.

ಕೊನೆಯದಾಗಿ ಚಿತ್ರದ ಶೀರ್ಷಿಕೆಯ ಲೆಕ್ಕ. ಕಣಿವೆಗೆ ಬಂದ ಗ್ರೀಕರು ಮುನ್ನೂರಲ್ಲ, ಹಲವು ಸಾವಿರ. ಸುತ್ತುವರಿಯಲ್ಪಟ್ಟ ಕೊನೆಯ ದಿನ ಹೆಚ್ಚಿನವರು ಹಿಂದಿರುಗಿದ ಮೇಲೂ ಲಿಯೊನಿಡಾಸನ ಜೊತೆ ಥೀಬ್ಸಿನ 400 ಮಂದಿ, ಥೆಸ್ಪಿಯೆ ಎಂಬ ಸಣ್ಣ ಊರಿನ 700 ಮಂದಿ ಉಳಿದಿದ್ದರು. ಥೀಬ್ಸಿನವರನ್ನು ಬಲವಂತದಿಂದ ಉಳಿಸಿಕೊಂಡದ್ದೆಂದು ಹೆರೊಡೋಟಸ್ ಹೇಳುತ್ತಾನೆ. ಥೆಸ್ಪಿಯೆಯವರು ತಾವಾಗಿ ಉಳಿದು ಎಲ್ಲರೂ ಮಡಿದರು. ಸತ್ತವರ ನಡುವೆ ಹೆಲಟರ ಹೆಣಗಳೂ ಇದ್ದವು. ನೋಡಲು ಬಂದ ಪರ್ಶಿಯಾದ ನಾವಿಕರು ಅವರನ್ನೂ ಸ್ಪಾರ್ಟಾ, ಥೆಸ್ಪಿಯೆಗಳ ಯೋಧರೆಂದೇ ಭಾವಿಸಿದರಂತೆ. ಕಣಿವೆಯ ದಾರಿ ತೆರೆದ ಬಳಿಕ ಕ್ಸೆರ್ಕ್ಸಿಸನ ಸೇನೆ ಥೆಸ್ಪಿಯೆಯನ್ನು ಸುಟ್ಟಿತು. ಚಿತ್ರದಲ್ಲಿ ಸ್ಪಾರ್ಟಾದ ವೀರರು ತೊಗಲಿನ ಚಡ್ಡಿಯ ಮೇಲೆ ಬರಿಮೈಯಲ್ಲಿ ಕಾದಾಡುತ್ತಾರೆ, ಅಂಗಸೌಷ್ಠವ ಕಾಣಲೆಂದು. ನಿಜವಾದ ಸ್ಪಾರ್ಟನರು ಕಂಚಿನ ಕವಚ ತೊಡುತ್ತಿದ್ದರು. ಮರುವರ್ಷ ಪ್ಲಾಟಿಯಾದ ಬಯಲಿಗೆ, ಊರು ಕಳೆದುಕೊಂಡ ಥೆಸ್ಪಿಯೆಯಿಂದ ಉಳಿದಿದ್ದ 1,800 ಮಂದಿ ಬಂದು ಸಾಲಿನಲ್ಲಿ ನಿಂತರು. ತೊಡಲು ಅವರ ಬಳಿ ಕವಚವಿರಲಿಲ್ಲ.